ಅಡ್ಡಗೋಡೆಯ ಮೇಲಿನ ದೀಪ: ಬ್ರೆಕ್ಸಿಟ್ ಮತ್ತು ಲೇಬರ್ ಪಕ್ಷದ ಲೆಕ್ಕಾಚಾರ

ಪ್ರಶ್ನೆ: ಬ್ರೆಕ್ಸಿಟ್, ಅಂದರೆ ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವುದು, ಬೇಕೋ ಬೇಡವೋ ಎಂಬುದನ್ನು ಬ್ರಿಟನ್ನಿನ ಲೇಬರ್ ಪಕ್ಷ ಮೂರು ವರ್ಷ ಸರಿಯಾಗಿ ಬಾಯಿಬಿಟ್ಟು ಹೇಳಲೇ ಇಲ್ಲ ಎನ್ನುತ್ತಾರೆ. ಅದೇ ಗೊಂದಲ ಇಟ್ಟುಕೊಂಡು 2017ರಲ್ಲಿ ಸೀಟು ಹೆಚ್ಚಿಸಿಕೊಂಡ ಪಕ್ಷ 2019ರಲ್ಲಿ ನೆಲಕಚ್ಚಿತು. ಇದು ತಂತ್ರವೋ, ನಾಯಕನ ಹಿಂಜರಿಕೆಯೋ? ತಂತ್ರವಾಗಿದ್ದರೆ ಎಲ್ಲಿ ಎಡವಿತು?

ಉತ್ತರ: ತಂತ್ರವೇ ಹೌದು, ನಾಯಕ ಜೆರೆಮಿ ಕಾರ್ಬಿನ್ ಅವರ ಸ್ವಭಾವಕ್ಕೂ ಅದು ಒಗ್ಗಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಬೇಡ ಎಂದು ನಾವು ಬೈಯುತ್ತೇವೆ. ಆದರೆ ವಿರೋಧ ಪಕ್ಷದಲ್ಲಿ ಕೂತವರಿಗೆ ಆ ದೀಪ ಎಷ್ಟೋ ಸಲ ಉಪಯೋಗಕ್ಕೆ ಬರುತ್ತದೆ, ಎರಡೂ ಕೋಣೆಗೆ ಒಂದಿಷ್ಟು ಬೆಳಕು ಬೀಳುತ್ತದೆ. ಸದನದಲ್ಲಿ ಇಂಥದ್ದೇ ಒಪ್ಪಂದ ಎಂದು ಕಾಗದ ಮುಂದಿಟ್ಟು ಮತಕ್ಕೆ ಹಾಕುವ ದಿನದವರೆಗೆ ಅದು ನಡೆಯುತ್ತದೆ. ಲೇಬರ್ ತಪ್ಪಿದ್ದು ದೀಪ ಇಟ್ಟದ್ದರಲ್ಲಿ ಅಲ್ಲ, ಇಳಿಸುವ ಹೊತ್ತು ಮೀರಿದ ಮೇಲೂ ಇಳಿಸದೇ ಇದ್ದದ್ದರಲ್ಲಿ ಎಂಬುದು ನನ್ನ ಎಣಿಕೆ.

ಮೊದಲು ಗಣಿತ. 2016ರ ಜೂನ್ 23ರ ಜನಮತಗಣನೆಯಲ್ಲಿ ಐರೋಪ್ಯ ಒಕ್ಕೂಟದಿಂದ ಹೊರಬರೋಣ ಎಂದವರು ಶೇ 51.9, ಉಳಿಯೋಣ ಎಂದವರು ಶೇ 48.1. ಲೇಬರ್‌ಗೆ ಮತ ಹಾಕುತ್ತಿದ್ದವರಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಉಳಿಯುವ ಕಡೆಗಿದ್ದರು. ಹಾಗಾದರೆ ಉಳಿಯುವ ಪಕ್ಷವಾಗಿಬಿಡಬಹುದಿತ್ತಲ್ಲ ಎನ್ನಿಸುತ್ತದೆ. ಸಮಸ್ಯೆ ಇರುವುದು ಆ ಮತಗಳು ಎಲ್ಲಿದ್ದವು ಎಂಬುದರಲ್ಲಿ. ಲಂಡನ್, ಮ್ಯಾಂಚೆಸ್ಟರ್, ಬ್ರಿಸ್ಟಲ್‌ನಂಥ ನಗರಗಳಲ್ಲಿ ಅವು ರಾಶಿ ಬಿದ್ದಿದ್ದವು. ಉತ್ತರ ಇಂಗ್ಲೆಂಡ್ ಮತ್ತು ಮಿಡ್‌ಲ್ಯಾಂಡ್ಸ್‌ನ ಹಳೆಯ ಗಣಿ ಊರುಗಳು, ಕಾರ್ಖಾನೆ ಊರುಗಳಲ್ಲಿ ಲೇಬರ್ ಸಂಸದರೇ ಇದ್ದರೂ ಜನ ಹೊರಹೋಗುವುದಕ್ಕೆ ಮತ ಕೊಟ್ಟಿದ್ದರು. ಜನಮತದ ಎಣಿಕೆ ಸ್ಥಳೀಯ ಆಡಳಿತ ಪ್ರದೇಶವಾರು ನಡೆದದ್ದರಿಂದ ಸಂಸತ್ ಕ್ಷೇತ್ರದ ಲೆಕ್ಕ ಹಲವು ಕಡೆ ಅಂದಾಜಿನದು. ಆ ಅಂದಾಜಿನ ಪ್ರಕಾರ ಲೇಬರ್ ಗೆದ್ದಿದ್ದ ಕ್ಷೇತ್ರಗಳಲ್ಲಿ ಹತ್ತಕ್ಕೆ ಆರು ಹೊರಹೋಗುವ ಕಡೆಗಿದ್ದವು. ಮತದಾರರು ಒಂದು ಕಡೆ, ಕ್ಷೇತ್ರಗಳು ಇನ್ನೊಂದು ಕಡೆ. ಹೆಚ್ಚು ಮತ ಪಡೆದವನೇ ಗೆಲ್ಲುವ, ನಮ್ಮಲ್ಲೂ ಇರುವ ಪದ್ಧತಿಯಲ್ಲಿ ಕ್ಷೇತ್ರದ ಲೆಕ್ಕವೇ ಮುಖ್ಯ.

ಇದನ್ನು ಎರಡು ಊರಿನಲ್ಲಿ ಕಾಣಬಹುದು. ಕಾರ್ಬಿನ್ ಅವರ ಕ್ಷೇತ್ರವಿರುವ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ಉಳಿಯೋಣ ಎಂದವರು ಶೇ 75. ಅವರಿಗಿಂತ ಹಿಂದೆ ಪಕ್ಷದ ನಾಯಕರಾಗಿದ್ದ ಎಡ್ ಮಿಲಿಬ್ಯಾಂಡ್ ಪ್ರತಿನಿಧಿಸುತ್ತಿದ್ದ ಡಾಂಕಾಸ್ಟರ್‌ನಲ್ಲಿ ಹೊರಡೋಣ ಎಂದವರು ಶೇ 69. ಒಂದೇ ಪಕ್ಷ, ಒಂದೇ ಚಿಹ್ನೆ. ಇಸ್ಲಿಂಗ್ಟನ್‌ನಲ್ಲಿ ಚಪ್ಪಾಳೆ ಬೀಳುವ ಮಾತು ಡಾಂಕಾಸ್ಟರ್‌ನಲ್ಲಿ ಸೋಲಿನ ಮಾತು.

ನಮ್ಮವರಿಗೂ ಇದರಲ್ಲಿ ಪಾಲಿತ್ತು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಾಗಿ ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ ಭಾರತೀಯರಿಗೆ ಅಲ್ಲಿ ಮತದಾನದ ಹಕ್ಕಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿನ ಕನ್ನಡಿಗರು 2016ರ ಜನಮತದಲ್ಲಿ ಮತ ಹಾಕಬಹುದಿತ್ತು, ಅಲ್ಲೇ ದುಡಿಯುತ್ತಿದ್ದ ಪೋಲೆಂಡ್, ಇಟಲಿಯ ಪ್ರಜೆಗಳಿಗೆ ಆ ಅವಕಾಶ ಇರಲಿಲ್ಲ. ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಂತಿರುವ ಲ್ಯಾಂಬೆತ್ ಇದೆಯಲ್ಲ, ಜಿಬ್ರಾಲ್ಟರ್ ಬಿಟ್ಟರೆ ಉಳಿಯುವ ಮತ ಅತಿ ಹೆಚ್ಚು ಬಿದ್ದದ್ದು ಅಲ್ಲಿಯೇ, ಶೇ 78ಕ್ಕೂ ಮೇಲೆ.

ಇನ್ನು ನಾಯಕ. 1975ರಲ್ಲಿ ನಡೆದ ಮೊದಲ ಜನಮತದಲ್ಲಿ ಕಾರ್ಬಿನ್ ಹೊರಬರುವ ಪರ ಮತ ಹಾಕಿದವರು. 2016ರಲ್ಲಿ ಉಳಿಯುವ ಪರ ಪ್ರಚಾರ ಮಾಡಿದರೂ, ಒಕ್ಕೂಟಕ್ಕೆ ಹತ್ತಕ್ಕೆ ಏಳು, ಏಳೂವರೆ ಅಂಕ ಕೊಡುತ್ತೇನೆ ಎಂದು ಟಿ.ವಿ. ಕಾರ್ಯಕ್ರಮದಲ್ಲಿ ಹೇಳಿ ಸ್ವಪಕ್ಷೀಯರ ಕೆಂಗಣ್ಣಿಗೆ ಗುರಿಯಾದರು. ಫಲಿತಾಂಶ ಬಂದ ವಾರದಲ್ಲೇ ಅವರ ಮೇಲೆ ಅವಿಶ್ವಾಸ ಗೊತ್ತುವಳಿ ಬಂತು, 172 ಸಂಸದರು ವಿರುದ್ಧ, 40 ಮಂದಿ ಪರ. ಆದರೂ ಪಕ್ಷದ ಸದಸ್ಯರ ಮತದಿಂದ ಅದೇ ಸೆಪ್ಟೆಂಬರ್‌ನಲ್ಲಿ ಶೇ 61.8 ಪಡೆದು ಮತ್ತೆ ಗೆದ್ದರು. ವಿಚಿತ್ರವೆಂದರೆ, ಅವರನ್ನು ಉಳಿಸಿದ ಸದಸ್ಯರು ಬಹುಪಾಲು ಒಕ್ಕೂಟದಲ್ಲಿ ಉಳಿಯಬೇಕೆನ್ನುವವರು. ನಾಯಕನಿಗೆ ಬಲ ಕೊಟ್ಟವರಿಗೂ ಸೀಟು ಕೊಡುವ ಊರುಗಳಿಗೂ ಹೊಂದಿಕೆ ಇರಲಿಲ್ಲ.

ಮೊದಲ ಅಗ್ನಿಪರೀಕ್ಷೆ 2017ರ ಫೆಬ್ರುವರಿಯಲ್ಲಿ. ಒಕ್ಕೂಟ ಬಿಡುವ ಅಧಿಕೃತ ಪ್ರಕ್ರಿಯೆಯಾದ 50ನೇ ವಿಧಿಯನ್ನು ಜಾರಿ ಮಾಡಲು ಸಂಸತ್ತಿನ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ಮಸೂದೆಯ ಪರ ಮತ ಹಾಕುವಂತೆ ಲೇಬರ್ ಅತ್ಯಂತ ಕಟ್ಟುನಿಟ್ಟಿನ, ಮೂರು ಗೆರೆಯ ವಿಪ್ ಕೊಟ್ಟಿತು. ಕಡೆಯ ಹಂತದ ಮತದಾನದಲ್ಲಿ 52 ಲೇಬರ್ ಸಂಸದರು ಅದನ್ನು ಧಿಕ್ಕರಿಸಿದರು. ಇಲ್ಲೊಂದು ಮಾತು ಗಮನಿಸಬೇಕು. ನಮ್ಮಲ್ಲಿ ವಿಪ್ ಮೀರಿದರೆ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಸದಸ್ಯತ್ವವೇ ಹೋಗಬಹುದು. 2019ರ ಜುಲೈನಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದದ್ದು ನೆನಪಿರಬಹುದು. ಬ್ರಿಟನ್ನಿನಲ್ಲಿ ಅಂಥ ಕಾನೂನಿಲ್ಲ. ಪಕ್ಷ ಹೊರಹಾಕಬಹುದು, ಕುರ್ಚಿ ಕಸಿಯಲಾಗದು. ಆದ್ದರಿಂದ ಅಲ್ಲಿನ ನಾಯಕನಿಗೆ ವಿಪ್ ಎಂದರೆ ಬೆದರಿಕೆಗಿಂತ ಮನವಿಯೇ ಹೆಚ್ಚು. ಐವತ್ತು ಜನರನ್ನು ಶಿಕ್ಷಿಸಿದರೆ ಪಕ್ಷವೇ ಒಡೆಯುತ್ತದೆ, ಬಿಟ್ಟರೆ ವಿಪ್‌ಗೆ ಬೆಲೆಯಿಲ್ಲ. ಈ ಕಾರಣಕ್ಕೇ ಎಲ್ಲರೂ ಸಹಿ ಹಾಕಬಹುದಾದಷ್ಟು ಸಡಿಲವಾದ ಪದಗಳನ್ನು ಹುಡುಕುವುದು ಲೇಬರ್‌ಗೆ ಕಸುಬಾಯಿತು.

ಅಂಥ ಪದಗಳಲ್ಲಿ ಅತಿ ಜಾಣತನದ್ದು 2017ರ ಮಾರ್ಚ್‌ನಲ್ಲಿ ಬಂದ ಆರು ಪರೀಕ್ಷೆಗಳು. ಆಗ ಬ್ರೆಕ್ಸಿಟ್‌ನ ಛಾಯಾ ಸಚಿವರಾಗಿದ್ದ, ಅಂದರೆ ವಿರೋಧ ಪಕ್ಷದ ಕಡೆಯಿಂದ ಆ ಖಾತೆ ನೋಡಿಕೊಳ್ಳುತ್ತಿದ್ದ ಕೀರ್ ಸ್ಟಾರ್ಮರ್, ಸರ್ಕಾರ ತರುವ ಒಪ್ಪಂದ ಈ ಆರರಲ್ಲೂ ಪಾಸಾದರೆ ಬೆಂಬಲ, ಇಲ್ಲದಿದ್ದರೆ ವಿರೋಧ ಎಂದರು. ಕಾರ್ಮಿಕರ ಹಕ್ಕು, ಭದ್ರತೆ, ವಲಸೆಯ ನ್ಯಾಯಯುತ ನಿರ್ವಹಣೆ ಇತ್ಯಾದಿ ಐದು ಯಾರೂ ಬೇಡವೆನ್ನದಂಥವು. ಕೊಕ್ಕೆ ಇದ್ದದ್ದು ಎರಡನೆಯದರಲ್ಲಿ: ಒಕ್ಕೂಟದ ಏಕ ಮಾರುಕಟ್ಟೆ (ಸರಕು, ಸೇವೆ, ಜನ ಅಡ್ಡಿಯಿಲ್ಲದೆ ಓಡಾಡುವ ವ್ಯವಸ್ಥೆ) ಮತ್ತು ಕಸ್ಟಮ್ಸ್ ಯೂನಿಯನ್‌ನಲ್ಲಿ (ಒಳಗೆ ಸುಂಕವಿಲ್ಲ, ಹೊರಗಿನವರಿಗೆ ಒಂದೇ ಸುಂಕ) ಇದ್ದಾಗ ಸಿಗುತ್ತಿದ್ದ ಅದೇ ಪ್ರಯೋಜನಗಳು ಹೊರಬಂದ ಮೇಲೂ ಸಿಗಬೇಕು. ಇದು ಲೇಬರ್ ಕಟ್ಟಿದ ಮಾತೂ ಅಲ್ಲ, ಬ್ರೆಕ್ಸಿಟ್ ಸಚಿವ ಡೇವಿಡ್ ಡೇವಿಸ್ ಸದನದಲ್ಲಿ ಕೊಟ್ಟ ಭರವಸೆ. ಸಂಘ ಬಿಟ್ಟ ಮೇಲೂ ಸದಸ್ಯನ ರಿಯಾಯಿತಿ ಬೇಕೆಂದರೆ ಯಾರು ಕೊಡುತ್ತಾರೆ? ಯಾವ ಒಪ್ಪಂದವೂ ಈ ಪರೀಕ್ಷೆ ಪಾಸಾಗುವಂತಿರಲಿಲ್ಲ. ಹೀಗಾಗಿ ಬ್ರೆಕ್ಸಿಟ್ ಬೇಡ ಎನ್ನದೆಯೇ, ಮುಂದೆ ಬರುವ ಪ್ರತಿಯೊಂದು ಬ್ರೆಕ್ಸಿಟ್ ಒಪ್ಪಂದವನ್ನೂ ತಿರಸ್ಕರಿಸುವ ಪರವಾನಗಿ ಲೇಬರ್‌ಗೆ ಸಿಕ್ಕಿತು.

ಜೂನ್ 8ರ ಚುನಾವಣೆಯಲ್ಲಿ ಇದು ಫಲ ಕೊಟ್ಟಿತು. ಜನಮತದ ತೀರ್ಪನ್ನು ಒಪ್ಪುತ್ತೇವೆ, ಒಕ್ಕೂಟದ ಜನರ ಮುಕ್ತ ಓಡಾಟ ಕೊನೆಯಾಗುತ್ತದೆ, ಆದರೆ ಒಪ್ಪಂದವಿಲ್ಲದೆ ಹೊರಬೀಳುವುದಿಲ್ಲ ಎಂದಷ್ಟು ಪ್ರಣಾಳಿಕೆಯಲ್ಲಿ ಬರೆದು, ಲೇಬರ್ ಮಾತನ್ನು ಆಸ್ಪತ್ರೆ, ಕಾಲೇಜು ಶುಲ್ಕ, ಪೊಲೀಸರ ಸಂಖ್ಯೆ ಕಡೆಗೆ ತಿರುಗಿಸಿತು. ಶೇ 40 ಮತ, 262 ಸೀಟು. ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ತೆರೆಸಾ ಮೇ ಬಹುಮತ ಕಳೆದುಕೊಂಡರು. ಲಂಡನ್ನಿನ ಪಟ್ನಿ ಕ್ಷೇತ್ರದಲ್ಲಿ ಕಲಬುರಗಿ ಮೂಲದ, ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲ ಲೇಬರ್ ಅಭ್ಯರ್ಥಿಯಾಗಿ ಸಚಿವೆಯೊಬ್ಬರನ್ನು 1,554 ಮತಗಳ ಅಂತರದವರೆಗೆ ಅಟ್ಟಿಸಿಕೊಂಡು ಹೋದರು. ಆದರೆ ಅದೇ ರಾತ್ರಿ, 1923ರಿಂದ ಲೇಬರ್ ಕೈಯಲ್ಲಿದ್ದ ಮ್ಯಾನ್ಸ್‌ಫೀಲ್ಡ್ ಎಂಬ ಗಣಿ ಊರು ಕನ್ಸರ್ವೇಟಿವ್ ಪಾಲಾಯಿತು. ಗೆಲುವಿನ ಸಂಭ್ರಮದಲ್ಲಿ ಆ ಸುದ್ದಿಗೆ ಸಿಗಬೇಕಾದ ಜಾಗ ಸಿಗಲಿಲ್ಲ. ಗೋಡೆಯ ಒಂದು ಪಕ್ಕದಲ್ಲಿ ಬಿರುಕು ಆಗಲೇ ಬಿಟ್ಟಿತ್ತು.

2018ರಲ್ಲಿ ಪಕ್ಷ ಎರಡು ಹೆಜ್ಜೆ ಇಟ್ಟಿತು. ಫೆಬ್ರುವರಿಯಲ್ಲಿ ಕಾವೆಂಟ್ರಿಯ ಭಾಷಣದಲ್ಲಿ ಕಾರ್ಬಿನ್, ಒಕ್ಕೂಟದೊಂದಿಗೆ ಹೊಸ ಕಸ್ಟಮ್ಸ್ ಯೂನಿಯನ್ ಬೇಕು ಎಂದರು. ಇದು ಮೊದಲ ಬಾರಿ ಕೈಗೆ ಸಿಗುವಂಥ ನಿಲುವು: ಸರಕಿಗೆ ಸುಂಕದ ಗಡಿ ಇರುವುದಿಲ್ಲ, ಕಾರಿನ ಬಿಡಿಭಾಗ ತರಿಸುವ ಕಾರ್ಖಾನೆಗೆ ತೊಂದರೆಯಿಲ್ಲ, ಬ್ರಿಟನ್ನಿನ ಉತ್ತರ ಐರ್ಲೆಂಡ್‌ಗೂ ಒಕ್ಕೂಟದಲ್ಲೇ ಉಳಿಯುವ ಐರ್ಲೆಂಡ್‌ಗೂ ನಡುವಿನ ಗಡಿಯಲ್ಲಿ ತಪಾಸಣೆಯ ತಲೆನೋವೂ ಒಂದಿಷ್ಟು ಕಡಿಮೆ, ಜನಮತಕ್ಕೆ ಅಪಚಾರವೂ ಆಗದು.

ಎರಡನೆಯದು ಸೆಪ್ಟೆಂಬರ್‌ನಲ್ಲಿ, ಲಿವರ್‌ಪೂಲ್ ಸಮ್ಮೇಳನದಲ್ಲಿ. ಇದನ್ನು ತುಸು ಹತ್ತಿರದಿಂದ ನೋಡಬೇಕು, ಪಕ್ಷದ ಒಳಯಂತ್ರ ಕಾಣುವುದು ಇಲ್ಲೇ. ಬ್ರೆಕ್ಸಿಟ್ ಬಗ್ಗೆ ಕ್ಷೇತ್ರ ಘಟಕಗಳಿಂದ ನೂರಕ್ಕೂ ಹೆಚ್ಚು ಠರಾವುಗಳು ಬಂದಿದ್ದವು. ಅಷ್ಟನ್ನೂ ಮತಕ್ಕೆ ಹಾಕಲಾಗದು, ಕಳಿಸಿದವರನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಸಿ ಎಲ್ಲವನ್ನೂ ಬೆಸೆದು ಒಂದೇ ಠರಾವು ಮಾಡುತ್ತಾರೆ. ಭಾನುವಾರ ರಾತ್ರಿ ಐದು ಗಂಟೆಗೂ ಹೆಚ್ಚು ಕಾಲ ಪದಪದಕ್ಕೂ ಜಗ್ಗಾಟ ನಡೆಯಿತು. ಹೊರಬಂದದ್ದು ಒಂದು ಸರಣಿ: ಮೊದಲು ಒಪ್ಪಂದವನ್ನು ಸೋಲಿಸುವುದು, ಆಮೇಲೆ ಸಾರ್ವತ್ರಿಕ ಚುನಾವಣೆ ಕೇಳುವುದು, ಅದು ಸಿಗದಿದ್ದರೆ ಜನರ ಮುಂದೆ ಮತ್ತೆ ಹೋಗುವುದೂ ಸೇರಿ ಎಲ್ಲ ದಾರಿಗಳೂ ಮುಕ್ತ. ಮತ್ತೆ ಜನಮತ ಬೇಕೆನ್ನುವವರು ಕಡೆಯ ವಾಕ್ಯ ಹಿಡಿದುಕೊಂಡು ಮನೆಗೆ ಹೋದರು, ಬೇಡವೆನ್ನುವವರು ಮೊದಲ ವಾಕ್ಯ ಹಿಡಿದುಕೊಂಡು. ಒಂದೇ ಕಾಗದ, ಎರಡು ಓದು. ಬೆಸುಗೆ ಅಂದರೆ ಇದು. ಭಾರ ಬಿದ್ದಾಗ ಮೊದಲು ಬಿಡುವುದೂ ಬೆಸುಗೆಯೇ.

ಭಾರ ಬಿದ್ದದ್ದು 2019ರ ಜನವರಿ 15ರಂದು. ಹೊರಬರುವ ಬಗ್ಗೆ ಮೇ ಅವರು ಒಕ್ಕೂಟದೊಂದಿಗೆ ಮಾಡಿಕೊಂಡ ಒಪ್ಪಂದ ಸದನದಲ್ಲಿ 432–202ರಿಂದ ಸೋತಿತು. ಸರಣಿಯ ಮೊದಲ ಹೆಜ್ಜೆ ಮುಗಿಯಿತು. ಮರುದಿನ ಅವಿಶ್ವಾಸ ಗೊತ್ತುವಳಿ. ಸರ್ಕಾರ 325–306ರಿಂದ ಉಳಿಯಿತು. ಎರಡನೆಯ ಹೆಜ್ಜೆಯೂ ಮುಗಿಯಿತು. ಎರಡೇ ದಿನದಲ್ಲಿ ಪಕ್ಷ ತನ್ನ ಪಟ್ಟಿಯ ಕಡೆಯ ಸಾಲಿಗೆ ಬಂದು ನಿಂತಿತು, ಆ ಸಾಲಿನಲ್ಲಿ ಏನು ಮಾಡಬೇಕೆಂದು ಬರೆದಿರಲೇ ಇಲ್ಲ. ಫೆಬ್ರುವರಿ 6ರಂದು ಕಾರ್ಬಿನ್, ಕಾಯಂ ಕಸ್ಟಮ್ಸ್ ಯೂನಿಯನ್ ಸೇರಿದಂತೆ ಐದು ಬೇಡಿಕೆಗಳ ಪತ್ರವನ್ನು ಪ್ರಧಾನಿಗೆ ಬರೆದರು. ಆರು ಪರೀಕ್ಷೆಗಳಿಗಿಂತ ಇದು ಎಷ್ಟೋ ನೇರ. ಆದರೆ ಹದಿನೆಂಟರಂದು ಏಳು ಲೇಬರ್ ಸಂಸದರು ಪಕ್ಷ ತೊರೆದರು. ಬ್ರೆಕ್ಸಿಟ್ ನಿಲುವಿನ ಜೊತೆಗೆ, ಯಹೂದಿ ದ್ವೇಷದ ದೂರುಗಳನ್ನು ಪಕ್ಷ ನಿಭಾಯಿಸಿದ ರೀತಿಯೂ ಅವರ ಸಿಟ್ಟಿಗೆ ಕಾರಣ. ಇನ್ನೊಂದು ವಾರಕ್ಕೆ, ಮತ್ತೊಂದು ಜನಮತವನ್ನು ಬೆಂಬಲಿಸುತ್ತೇವೆ ಎಂದು ನಾಯಕತ್ವ ಪ್ರಕಟಿಸಿತು. ಪತ್ರ ಬರೆದು ಮೂರು ವಾರವೂ ಆಗಿರಲಿಲ್ಲ.

ನಿಜವಾದ ಅವಕಾಶ ಬಂದದ್ದು ಏಪ್ರಿಲ್ 1ರಂದು. ಸರ್ಕಾರದ ಕೈಯಿಂದ ಕಲಾಪಪಟ್ಟಿಯನ್ನೇ ಕಿತ್ತುಕೊಂಡು, ಯಾವುದಕ್ಕಾದರೂ ಬಹುಮತ ಇದೆಯೇ ನೋಡೋಣ ಎಂದು ಸಂಸದರು ಪರ್ಯಾಯಗಳ ಮೇಲೆ ಮತ ಹಾಕಿದರು. ಕನ್ಸರ್ವೇಟಿವ್ ಹಿರಿಯ ಕೆನ್ ಕ್ಲಾರ್ಕ್ ಮಂಡಿಸಿದ ಕಸ್ಟಮ್ಸ್ ಯೂನಿಯನ್ ಪ್ರಸ್ತಾವ 273–276ರಿಂದ ಬಿತ್ತು. ಮೂರೇ ಮತ! ಯಾವುದೇ ಒಪ್ಪಂದವನ್ನು ಜನಮತಕ್ಕೆ ಒಡ್ಡಬೇಕೆಂಬ ಪ್ರಸ್ತಾವ 280–292ರಿಂದ ಬಿತ್ತು, ಅದರ ವಿರುದ್ಧ ಮತ ಹಾಕಿದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಲೇಬರ್ ಸಂಸದರಿದ್ದರು. ಅವರಲ್ಲಿ ಏಳು ಜನ ಆಚೆಯಿಂದ ಈಚೆ ಬಂದಿದ್ದರೆ ಸಾಕಿತ್ತು. ಲೇಬರ್ ಎರಡಕ್ಕೂ ಬೆಂಬಲ ಸೂಚಿಸಿತ್ತು. ತೊಂದರೆ ಅಲ್ಲೇ ಇತ್ತು. ಎರಡನೇ ಜನಮತದ ಆಸೆ ಜೀವಂತ ಇರುವವರೆಗೆ ಅದರ ಪರ ಇರುವವರು ಕಸ್ಟಮ್ಸ್ ಯೂನಿಯನ್‌ಗೆ ಒಪ್ಪುವುದಿಲ್ಲ. ಕಸ್ಟಮ್ಸ್ ಯೂನಿಯನ್‌ನಂಥ ನಂಟು ಉಳಿಸಿಕೊಳ್ಳುವ ಮೆತ್ತನೆಯ ಬ್ರೆಕ್ಸಿಟ್‌ನ ಆಸೆ ಇರುವವರೆಗೆ ಉತ್ತರದ ಸಂಸದರು ಜನಮತಕ್ಕೆ ಒಪ್ಪುವುದಿಲ್ಲ. ಒಂದು ಬಾಗಿಲು ಮುಚ್ಚಿದರೆ ಮಾತ್ರ ಇನ್ನೊಂದರಲ್ಲಿ ಜನ ಸೇರುತ್ತಾರೆ. ಎರಡನ್ನೂ ತೆರೆದಿಟ್ಟದ್ದು 2017ರಲ್ಲಿ ಶಕ್ತಿಯಾಗಿತ್ತು, 2019ರ ಏಪ್ರಿಲ್‌ನಲ್ಲಿ ಎರಡೂ ಸೋಲಲು ಅದೂ ಒಂದು ಕಾರಣವಾಯಿತು.

ಆಮೇಲಿನದು ಇಳಿಜಾರು. ಸರ್ಕಾರದ ಜೊತೆ ಆರು ವಾರ ನಡೆದ ಮಾತುಕತೆ ಮೇ 17ಕ್ಕೆ ಮುರಿಯಿತು. ಮೇ 23ರ ಐರೋಪ್ಯ ಸಂಸತ್ ಚುನಾವಣೆಯಲ್ಲಿ ಲೇಬರ್ ಶೇ 14ರ ಆಸುಪಾಸಿಗೆ ಇಳಿದು ಮೂರನೇ ಸ್ಥಾನಕ್ಕೆ ಬಂತು. ಮೊದಲ ಸ್ಥಾನ ಹೊರಹೋಗಲೇಬೇಕೆಂಬ ಬ್ರೆಕ್ಸಿಟ್ ಪಕ್ಷಕ್ಕೆ, ಎರಡನೆಯದು ಉಳಿಯಲೇಬೇಕೆಂಬ ಲಿಬರಲ್ ಡೆಮಾಕ್ರಟ್‌ಗೆ. ಮತದಾರ ಎರಡೂ ತುದಿಗೆ ಸರಿದಿದ್ದ, ನಡುವೆ ನಿಂತವರಿಗೆ ಗಿರಾಕಿ ಇರಲಿಲ್ಲ.

ಸೆಪ್ಟೆಂಬರ್‌ನ ಬ್ರೈಟನ್ ಸಮ್ಮೇಳನದಲ್ಲಿ, ಪಕ್ಷ ಉಳಿಯುವ ಪರ ಎಂದು ಘೋಷಿಸಬೇಕೆಂಬ ಠರಾವು ಕೈ ಎತ್ತುವ ಮತದಲ್ಲಿ ಬಿತ್ತು. ಯಾವ ಕಡೆ ಕೈ ಹೆಚ್ಚು ಎಂದು ವೇದಿಕೆಯ ಮೇಲಿದ್ದ ಅಧ್ಯಕ್ಷೆಗೇ ಒಂದು ಕ್ಷಣ ಗೊಂದಲವಾಯಿತು. ಕಾರ್ಡ್ ಮೂಲಕ ಮತ ಎಣಿಸಿ ಎಂದು ಸಭೆಯಿಂದ ಕೂಗು ಬಂದರೂ ಎಣಿಸಲಿಲ್ಲ. ಹೀಗೆ ಉಳಿದ ನೀತಿ ಇದು: ನಾವು ಗೆಲ್ಲುತ್ತೇವೆ, ಮೂರು ತಿಂಗಳಲ್ಲಿ ಒಕ್ಕೂಟದೊಂದಿಗೆ ಹೊಸ ಒಪ್ಪಂದ ಮಾಡುತ್ತೇವೆ, ಆರು ತಿಂಗಳೊಳಗೆ ಆ ಒಪ್ಪಂದ ಮತ್ತು ಉಳಿಯುವುದು ಇವೆರಡರ ನಡುವೆ ಜನಮತ ನಡೆಸುತ್ತೇವೆ. ನವೆಂಬರ್ 22ರಂದು ಟಿ.ವಿ. ಕಾರ್ಯಕ್ರಮದಲ್ಲಿ ಕಾರ್ಬಿನ್ ಇನ್ನೊಂದು ಹೆಜ್ಜೆ ಸೇರಿಸಿದರು, ಆ ಜನಮತದಲ್ಲಿ ತಾವು ತಟಸ್ಥ. ನೀತಿಯಾಗಿ ಇದು ಅಸಂಬದ್ಧವಲ್ಲ, ಜನರ ಮುಂದೆ ಎರಡು ನಿಜವಾದ ಆಯ್ಕೆ ಇಡುವುದು ನ್ಯಾಯವೇ. ಆದರೆ ಚಳಿಯಲ್ಲಿ ಮನೆ ಬಾಗಿಲು ಅರ್ಧ ತೆರೆದು ನಿಂತವರಿಗೆ ಕಾರ್ಯಕರ್ತ ಇದನ್ನು ವಿವರಿಸಬೇಕು. ಎದುರು ಪಕ್ಷದವನ ಬಳಿ ಬ್ರೆಕ್ಸಿಟ್ ಮುಗಿಸಿಬಿಡೋಣ ಎಂಬ, ಇಂಗ್ಲಿಷ್‌ನಲ್ಲಿ ಮೂರೇ ಪದದ ಘೋಷಣೆ. ಇವನು ಎರಡನೇ ಹೆಜ್ಜೆ ಹೇಳುವಷ್ಟರಲ್ಲಿ, ‘ನೀವೇ ಮಾಡಿದ ಒಪ್ಪಂದವನ್ನು ನೀವೇ ಬೆಂಬಲಿಸುವುದಿಲ್ಲವೇ?’ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಒಳ್ಳೆಯ ಉತ್ತರವೇ ಇರಲಿಲ್ಲ.

ತಟಸ್ಥತೆಗೆ, 1975ರ ಜನಮತದ ವೇಳೆ ಲೇಬರ್ ಪ್ರಧಾನಿಯಾಗಿದ್ದ ಹೆರಾಲ್ಡ್ ವಿಲ್ಸನ್ ಮಾದರಿಯನ್ನು ಬೆಂಬಲಿಗರು ಉದಾಹರಿಸುತ್ತಿದ್ದರು. ವಿಲ್ಸನ್ ತಮ್ಮ ಸಚಿವರಿಗೆ ಎರಡೂ ಕಡೆ ಪ್ರಚಾರ ಮಾಡಲು ಬಿಟ್ಟದ್ದು ನಿಜ. ಆದರೆ ಅವರು ಅಷ್ಟರಲ್ಲಿ ಪ್ರಧಾನಿ, ಒಪ್ಪಂದ ಕೈಯಲ್ಲಿತ್ತು, ಅದನ್ನು ಒಪ್ಪಿ ಎಂದು ಅವರ ಸರ್ಕಾರ ಶಿಫಾರಸನ್ನೂ ಮಾಡಿತ್ತು. ಚುನಾವಣೆಗೆ ಮುಂಚೆಯೇ, ಇನ್ನೂ ಹುಟ್ಟದ ಒಪ್ಪಂದದ ಬಗ್ಗೆ ತಟಸ್ಥ ಎನ್ನುವುದು ಬೇರೆಯೇ ಸಂಗತಿ.

ಚುನಾವಣೆಯ ದಿನಾಂಕಕ್ಕೆ ಒಪ್ಪಿದ್ದು ಮತ್ತೊಂದು ಕವಲು. ಅವಧಿಗೆ ಮುನ್ನ ಚುನಾವಣೆಗೆ ಆಗಿನ ಕಾನೂನಿನಂತೆ 650ರಲ್ಲಿ ಮೂರನೇ ಎರಡು, ಅಂದರೆ 434 ಮತ ಬೇಕಿತ್ತು. ಸೆಪ್ಟೆಂಬರ್ 4ರಂದು ಲೇಬರ್ ಹೆಚ್ಚುಕಡಿಮೆ ದೂರ ಉಳಿದದ್ದರಿಂದ ಮೇ ನಂತರ ಪ್ರಧಾನಿಯಾಗಿದ್ದ ಕನ್ಸರ್ವೇಟಿವ್ ಪಕ್ಷದ ಬೋರಿಸ್ ಜಾನ್ಸನ್‌ಗೆ ಸಿಕ್ಕಿದ್ದು 298. ವಿರೋಧ ಪಕ್ಷಕ್ಕೆ ಅದು ದೊಡ್ಡ ಅಸ್ತ್ರ: ಪ್ರಧಾನಿಗೆ ಬಹುಮತವಿಲ್ಲ, ಚುನಾವಣೆಯೂ ಸಿಗುವುದಿಲ್ಲ. ಅಕ್ಟೋಬರ್ 22ರಂದು 19 ಲೇಬರ್ ಸಂಸದರ ನೆರವಿನಿಂದ ಜಾನ್ಸನ್ ಒಪ್ಪಂದದ ಮಸೂದೆ ಮೊದಲ ಅಡ್ಡಿ ದಾಟಿತು. ಅಷ್ಟರಲ್ಲಿ ಲಿಬರಲ್ ಡೆಮಾಕ್ರಟ್ ಮತ್ತು ಸ್ಕಾಟಿಷ್ ನ್ಯಾಷನಲ್ ಪಕ್ಷಗಳು ಚುನಾವಣೆಗೆ ಸಿದ್ಧವಾದವು. ಸರಳ ಬಹುಮತ ಸಾಕಾಗುವ ಪುಟ್ಟ ಮಸೂದೆಯೊಂದು 438–20ರಿಂದ ಪಾಸಾಯಿತು, ಲೇಬರ್ ಕೂಡ ಕೈಜೋಡಿಸಿತು. ಚುನಾವಣೆ ಕೊಡಿ ಎಂದು ಕೂಗುತ್ತಲೇ ಬಂದ ಪಕ್ಷ ಬೇಡ ಎನ್ನುವುದಾದರೂ ಹೇಗೆ?

ಡಿಸೆಂಬರ್ 12ರ ಫಲ: ಕನ್ಸರ್ವೇಟಿವ್ 365, ಲೇಬರ್ 202, 1935ರ ನಂತರದ ಅತಿ ಕಡಿಮೆ. 1950ರಲ್ಲಿ ರಚನೆಯಾದಂದಿನಿಂದ ಕನ್ಸರ್ವೇಟಿವ್‌ಗೆ ಒಲಿಯದ ಬ್ಲೈತ್ ವ್ಯಾಲಿ 712 ಮತಗಳಿಂದ ಹೋಯಿತು. ಡಾಂಕಾಸ್ಟರ್ ಪಕ್ಕದ ಡಾನ್ ವ್ಯಾಲಿಯಲ್ಲಿ ಕ್ಯಾರೊಲಿನ್ ಫ್ಲಿಂಟ್ ಸೋತರು. ಅವರು ಬ್ರೆಕ್ಸಿಟ್ ಆಗಲಿ ಎಂದು ಗಟ್ಟಿಯಾಗಿ ಹೇಳಿದವರು, ಅಕ್ಟೋಬರ್‌ನಲ್ಲಿ ಪಕ್ಷದ ವಿರುದ್ಧ ಮಸೂದೆಗೆ ಮತ ಹಾಕಿದ 19 ಜನರಲ್ಲಿ ಒಬ್ಬರು. ಅಭ್ಯರ್ಥಿ ಏನೇ ಹೇಳಲಿ, ಊರು ನೋಡಿದ್ದು ಪಕ್ಷದ ಹೆಸರನ್ನು. ಇಡೀ ದೇಶದಲ್ಲಿ ಲೇಬರ್ ಹೊಸದಾಗಿ ಗೆದ್ದ ಕ್ಷೇತ್ರ ಒಂದೇ, ಅದೇ ಪಟ್ನಿ.

ಸೋಲಿಗೆ ಬ್ರೆಕ್ಸಿಟ್ ಒಂದೇ ಕಾರಣವಲ್ಲ. ಮನೆಮನೆಯಲ್ಲಿ ಕಾರ್ಬಿನ್ ಹೆಸರಿಗೇ ವಿರೋಧ ಕೇಳಿಬರುತ್ತಿತ್ತು, ಪ್ರಣಾಳಿಕೆಯ ಭರವಸೆಗಳು ನಂಬಲಾಗದಷ್ಟು ಉದ್ದವಿದ್ದವು, ಗಣಿ ಊರುಗಳು ಬ್ರೆಕ್ಸಿಟ್‌ಗೆ ಮುಂಚೆಯೇ ದೂರವಾಗತೊಡಗಿದ್ದವು. ಮೊದಲೇ ‘ಉಳಿಯೋಣ’ ಎಂದಿದ್ದರೆ ಗೆಲ್ಲುತ್ತಿತ್ತು ಎಂದೂ, ‘ಹೊರಡೋಣ’ ಎಂದಿದ್ದರೆ ಗೆಲ್ಲುತ್ತಿತ್ತು ಎಂದೂ ವಾದಿಸುವವರಿದ್ದಾರೆ. ಎರಡನ್ನೂ ನಾನು ಒಪ್ಪಲಾರೆ. 2018ರ ಕಾವೆಂಟ್ರಿ ನಿಲುವನ್ನೇ ಗಟ್ಟಿ ಹಿಡಿದು, 2019ರ ಫೆಬ್ರುವರಿಯಲ್ಲಿ ಜನಮತದ ಬಾಗಿಲು ಮುಚ್ಚಿ, ಕಸ್ಟಮ್ಸ್ ಯೂನಿಯನ್ ಒಂದಕ್ಕೇ ಬಲ ಹಾಕಿದ್ದರೆ ಲಂಡನ್ನಿನಲ್ಲಿ ಕೆಲವು ಸೀಟು ಹೋಗುತ್ತಿದ್ದವು, ಆದರೆ ಡಿಸೆಂಬರ್‌ನಲ್ಲಿ ಜಾನ್ಸನ್‌ಗೆ ‘ಮುಗಿಸುವ’ ಕೆಲಸವೇ ಉಳಿಯುತ್ತಿರಲಿಲ್ಲ.

ಸ್ಟಾರ್ಮರ್ ಕಲಿತದ್ದು ಬೇರೆ. 2020ರ ಏಪ್ರಿಲ್‌ನಲ್ಲಿ ನಾಯಕರಾದವರು ಡಿಸೆಂಬರ್ 30ರಂದು ಜಾನ್ಸನ್ ಅವರ ವ್ಯಾಪಾರ ಒಪ್ಪಂದಕ್ಕೆ ಪಕ್ಷದಿಂದ ಮತ ಹಾಕಿಸಿ ಬ್ರೆಕ್ಸಿಟ್‌ನ ಮಾತನ್ನೇ ಬದಿಗಿಟ್ಟರು. 2024ರಲ್ಲಿ ಶೇ 33.7 ಮತಕ್ಕೆ 411 ಸೀಟು ಬಂತು. ಕಾರ್ಬಿನ್‌ಗೆ 2017ರಲ್ಲಿ ಶೇ 40ಕ್ಕೆ ಬಂದದ್ದು 262. ಬಲಪಂಥದ ಮತ ಒಡೆದದ್ದು ಮತ್ತು ಲೇಬರ್ ಮತ ನಗರಗಳಾಚೆ ಹರಡಿದ್ದು ಈ ಅಂತರಕ್ಕೆ ಮುಖ್ಯ ಕಾರಣ. ಆ ಚುನಾವಣೆಯ ಪ್ರಣಾಳಿಕೆಯಲ್ಲಿ ಏಕ ಮಾರುಕಟ್ಟೆಗೂ ಜನರ ಮುಕ್ತ ಓಡಾಟಕ್ಕೂ ಮರಳುವುದಿಲ್ಲ ಎಂದು ಬರೆದಿದ್ದರು. ಅದೇ ಸಾಲಿನಲ್ಲಿ, 2019ರ ಏಪ್ರಿಲ್ 1ರಂದು ಮೂರು ಮತಕ್ಕೆ ಬಿದ್ದ ಕಸ್ಟಮ್ಸ್ ಯೂನಿಯನ್ ಕೂಡ ಇತ್ತು.